ಪಾರ್ಟ್ ದಾರಿಯಲ್ಲಿದೆ

ಕೆಟ್ಟ ಫ್ರಿಜ್ಜನ್ನು ಒಪ್ಪಿಸಿಕೊಂಡು ಸರ್ವಿಸ್ ಸೆಂಟರಿನವರು ಕೈಗಿಡುವ ಜಾಬ್ ಶೀಟನ್ನು ಯಾರೂ ಓದುವುದಿಲ್ಲ. ಓದಬೇಕು. ಇಷ್ಟು ಧೈರ್ಯದ ಗದ್ಯ ಈಚೆಗೆ ಬೇರೆಲ್ಲೂ ಅಚ್ಚಾಗುತ್ತಿಲ್ಲ. ದುರಸ್ತಿಯಾದ ವಸ್ತುವನ್ನು 30 ದಿನದೊಳಗೆ ಒಯ್ಯದಿದ್ದರೆ ಕಂಪನಿ ಹೊಣೆಯಲ್ಲ. ಆಮೇಲೆ ದಿನಕ್ಕಿಷ್ಟು ಎಂದು ಜಾಗದ ಬಾಡಿಗೆ. ಅದೂ ಮೀರಿದರೆ ವಸ್ತುವನ್ನು ವಿಲೇವಾರಿ ಮಾಡುವ ಹಕ್ಕು ಕಂಪನಿಯದು. ಗಡುವುಗಳೆಲ್ಲ ಗ್ರಾಹಕನ ತಲೆಯ ಮೇಲೆ. ದುರಸ್ತಿ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂಬ ಸಾಲನ್ನು ಹುಡುಕಿ ನೋಡಿ, ಹಾಳೆ ಮಗುಚಿ ನೋಡಿ, ಬೆಳಕಿಗೆ ಹಿಡಿದು ನೋಡಿ. ‘ಅಂದಾಜು ದಿನಾಂಕ’ ಎಂಬ ಖಾನೆಯೇನೋ ಇದೆ. ಅದರೊಳಗೆ ಒಂದು ಅಡ್ಡಗೆರೆ ಎಳೆದಿದ್ದಾರೆ.

‘ವಸ್ತುವಿನ ಸ್ಥಿತಿ’ ಎಂಬ ಖಾನೆಯನ್ನು ಮಾತ್ರ ಬಹಳ ಶ್ರದ್ಧೆಯಿಂದ ತುಂಬಿರುತ್ತಾರೆ. ಬಾಗಿಲಿನ ಮೇಲೆ ಗೀರು, ಎಡಮೂಲೆಯಲ್ಲಿ ತಗ್ಗು, ತರಕಾರಿ ಪೆಟ್ಟಿಗೆಗೆ ಬಿರುಕು, ಹಿಡಿಕೆ ಸಡಿಲ. ಕಳೆದ ದೀಪಾವಳಿಗೆ ಕೊಂಡು ಕುಂಕುಮ ಹಚ್ಚಿ ಪೂಜೆ ಮಾಡಿದ ಫ್ರಿಜ್ಜು ಇದೇನೋ, ಗುಜರಿಯಿಂದ ಎತ್ತಿಕೊಂಡು ಬಂದೆವೋ ಎಂದು ನಮಗೇ ಅನುಮಾನ ಬರುತ್ತದೆ. ಕುಂಕುಮದ ಗುರುತನ್ನೂ ‘ಕಲೆ’ ಎಂದು ಬರೆದುಕೊಳ್ಳುತ್ತಾರೆ. ಇಷ್ಟೆಲ್ಲ ಮುದ್ರಿಸುವುದು ಥರ್ಮಲ್ ಕಾಗದದ ಮೇಲೆ. ಬಿಸಿ ತಾಗಿದರೆ ಅದು ಕಪ್ಪಾಗುತ್ತದೆ, ಹಾಗೆಯೇ ಇಟ್ಟರೆ ಮಾಸುತ್ತದೆ. ನಮ್ಮ ಬೇಸಿಗೆಗೆ ಎರಡೂ ಕೆಲಸ ಒಟ್ಟಿಗೇ ಮಾಡುವ ಶಕ್ತಿಯಿದೆ. ಫ್ರಿಜ್ಜು ಮರಳಿ ಬರುವ ಹೊತ್ತಿಗೆ ಅದನ್ನು ಕೊಟ್ಟಿದ್ದಕ್ಕೆ ಸಾಕ್ಷ್ಯವೇ ಉಳಿದಿರುವುದಿಲ್ಲ. ಆದ್ದರಿಂದ ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಹಾಳೆಯ ಫೋಟೊ ತೆಗೆದಿಟ್ಟುಕೊಳ್ಳಿ. ಈ ಅಂಕಣದಲ್ಲಿ ಬಿಟ್ಟಿ ಸಿಗುವ ಸಲಹೆಗಳಲ್ಲಿ ಇದು ಮೊದಲನೆಯದು.

ವಿಜಯಪುರದಲ್ಲಿ ಫ್ರಿಜ್ಜು ಕೆಡುವುದಕ್ಕೆ ಮುಹೂರ್ತವಿದೆ. ಡಿಸೆಂಬರಿನಲ್ಲಿ ಅಡುಗೆಮನೆಯೇ ತಣ್ಣಗಿರುವಾಗ ಅದು ಸದ್ದಿಲ್ಲದೆ ದುಡಿಯುತ್ತದೆ. ಏಪ್ರಿಲ್ ಬಂದು ಪಾದರಸ 40 ದಾಟಿತೋ, ಒಮ್ಮೆ ಗುರ್ ಎಂದು ಮೈನಡುಗಿಸಿ ನಿಲ್ಲುತ್ತದೆ. ಬೆಳಿಗ್ಗೆ ಹೆಪ್ಪಾದ ಮೊಸರು ಮಧ್ಯಾಹ್ನಕ್ಕೆ ಹುಳಿ. ಅಜ್ಜಿಯ ಇನ್ಸುಲಿನ್ ಎದುರು ಮನೆಯ ಫ್ರಿಜ್ಜಿಗೆ ವಲಸೆ. ದಿನಕ್ಕೆರಡು ಸಲ ಅವರ ಬಾಗಿಲು ತಟ್ಟಬೇಕು, ತಟ್ಟಿದ ಮೇಲೆ ಅವರ ಮಗಳ ವರಾನ್ವೇಷಣೆಯ ವರದಿ ಕೇಳಬೇಕು. ಈ ನಷ್ಟವನ್ನು ತುಂಬಿಕೊಡುವ ವಾರಂಟಿ ಇನ್ನೂ ಬಂದಿಲ್ಲ.

ವಾರಂಟಿ ಇದೆಯಲ್ಲ ಎನ್ನುತ್ತೀರಾ? ಇದೆ. ಬಾಗಿಲ ಮೇಲೆ ಕೆಂಪು ಅಕ್ಷರದಲ್ಲಿ ‘10 ವರ್ಷ’ ಎಂದು ಅಂಟಿಸಿದ್ದಾರೆ, ಪಕ್ಕದಲ್ಲೊಂದು ನಕ್ಷತ್ರ. ನಕ್ಷತ್ರದ ಬೆನ್ನುಹತ್ತಿ ಕೆಳಗಿಳಿದರೆ, ಹತ್ತು ವರ್ಷ ಕಂಪ್ರೆಸರಿಗೆ ಮಾತ್ರ, ಉಳಿದದ್ದಕ್ಕೆಲ್ಲ ಒಂದೇ ವರ್ಷ. ಆ ವರ್ಷ ಮುಗಿದ ಮೇಲೆ ಗ್ಯಾಸು, ಕೂಲಿ, ಸಾಗಣೆ ನಿಮ್ಮವು. ಇನ್ನೂ ಕೆಳಗೆ ಮತ್ತೊಂದು ರತ್ನವಿದೆ: ದುರಸ್ತಿಗೆ ಹಿಡಿದ ಕಾಲವನ್ನು ವಾರಂಟಿಗೆ ಸೇರಿಸುವುದಿಲ್ಲ. ಎಂದರೆ ಫ್ರಿಜ್ಜು ಅವರ ಗೋದಾಮಿನ ಮೂಲೆಯಲ್ಲಿ ಬಾಗಿಲು ತೆರೆದುಕೊಂಡು ಬಿದ್ದಿದ್ದ ದಿನಗಳಲ್ಲಿಯೂ ನೀವು ಅದರ ತಣ್ಣೀರು ಕುಡಿಯುತ್ತಿದ್ದಿರಿ ಎಂದೇ ಲೆಕ್ಕ. ಅದು ಅಲ್ಲಿ ಬಿದ್ದಿರುವಾಗಲೇ ಅದೇ ಕಂಪನಿಯ ಇನ್ನೊಂದು ವಿಭಾಗದಿಂದ ಕರೆ ಬರುತ್ತದೆ: ವಾರಂಟಿ ಮುಗಿಯುತ್ತಾ ಬಂತು, ಹಣ ಕಟ್ಟಿ ಮುಂದುವರಿಸಿಕೊಳ್ಳಿ. ಈ ವಿಭಾಗದಲ್ಲಿ ವಿಳಂಬವೆಂಬುದು ಇಲ್ಲ.

ಹಾಗಾದರೆ ತಡವೇಕೆ? ಪಾರ್ಟ್ ದಾರಿಯಲ್ಲಿದೆ. ವಿಜಯಪುರದವರು ಹುಬ್ಬಳ್ಳಿಗೆ ಹೇಳಿದ್ದಾರೆ, ಹುಬ್ಬಳ್ಳಿಯವರು ಬೆಂಗಳೂರಿಗೆ ಬರೆದಿದ್ದಾರೆ, ಬೆಂಗಳೂರಿನವರು ಹೆಡ್ ಆಫೀಸಿನ ಕಡೆ ನೋಡುತ್ತಿದ್ದಾರೆ. ಇಂಡಿ ತಾಲ್ಲೂಕಿನ ನಿಂಬೆಹಣ್ಣು, ತಿಕೋಟಾದ ಒಣದ್ರಾಕ್ಷಿ ಇದೇ ರಸ್ತೆಗಳಲ್ಲಿ ಹೊರರಾಜ್ಯದ ಪೇಟೆ ಸೇರುತ್ತವೆ. ಹೋಗುವ ಲಾರಿಗೆ ಇರುವ ದಾರಿ ಬರುವ ಕಂಪ್ರೆಸರಿಗೆ ಸಿಗುವುದಿಲ್ಲ. ಶೆರ್ಜಾ ಬುರುಜಿನ ಮೇಲೆ ಕುಳಿತಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಿದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಅಹಮದನಗರದಲ್ಲಿ 1549ರಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಡಾಂಬರು ಕಾಣದ ಕಾಲದಲ್ಲಿ ಆನೆ, ಎತ್ತು ಕಟ್ಟಿ ಪರಾಂಡಾ ಕೋಟೆಯಿಂದ ಎಳೆದು ತಂದು ಬುರುಜು ಹತ್ತಿಸಿದರು. ಆದಿಲ್‌ಶಾಹಿಗಳ ಬಳಿ ಟ್ರ್ಯಾಕಿಂಗ್ ನಂಬರ್ ಇರಲಿಲ್ಲ, ಎತ್ತುಗಳಿದ್ದವು. ನಮ್ಮ ಬಳಿ ಟ್ರ್ಯಾಕಿಂಗ್ ನಂಬರ್ ಇದೆ.

ಇನ್ನು ಒಟಿಪಿ ಎಂಬ ಮಹಿಮೆ. ಮೆಕ್ಯಾನಿಕ್ ಮನೆಗೆ ಬರುತ್ತಾನೆ, ಬೆನ್ನಹಿಂದೆ ಬಗ್ಗಿ ನೋಡುತ್ತಾನೆ, ‘ಕಂಪ್ರೆಸರ್ ಹೋಗಿದೆ’ ಎನ್ನುತ್ತಾನೆ, ಒಟಿಪಿ ಕೇಳುತ್ತಾನೆ. ಬಂದು ಹೋದದ್ದಕ್ಕೆ ಗುರುತಿರಬೇಕಲ್ಲ ಎಂದುಕೊಂಡು ನಾವು ಅದನ್ನು ಹೇಳಿಬಿಡುತ್ತೇವೆ. ಅವನು ಓಣಿಯ ತಿರುವು ದಾಟುವುದರೊಳಗೆ ಸಂದೇಶ ಬರುತ್ತದೆ: ‘ನಿಮ್ಮ ದೂರು ತೃಪ್ತಿಕರವಾಗಿ ಪರಿಹಾರವಾಗಿದೆ.’ ಫ್ರಿಜ್ಜಿನ ಹೊರತು ಎಲ್ಲರಿಗೂ ತೃಪ್ತಿ. ಸಂಜೆ ಹುಡುಗನೇ ಫೋನ್ ಮಾಡಿ ಐದು ನಕ್ಷತ್ರ ಕೊಡಿ, ಇಲ್ಲದಿದ್ದರೆ ಸಂಬಳದಲ್ಲಿ ಹಿಡಿಯುತ್ತಾರೆ ಎಂದು ಗೋಗರೆಯುತ್ತಾನೆ. ಪಾಪ, ಅವನ ಮೇಲೆ ಸಿಟ್ಟು ಮಾಡಿ ಫಲವಿಲ್ಲ; ಅವನ ಚೀಲದಲ್ಲಿ ಸ್ಕ್ರೂಡ್ರೈವರ್ ಬಿಟ್ಟು ಬೇರೆ ಅಧಿಕಾರವಿಲ್ಲ. ಐದು ನಕ್ಷತ್ರ ಕೊಡಿ, ಒಟಿಪಿ ಕೊಡಬೇಡಿ. ಕೊಟ್ಟರೆ ಮರುದಿನದಿಂದ ನಿಮ್ಮದು ಹೊಸ ದೂರು, ಹೊಸ ನಂಬರು. ಕಂಪನಿಯ ಕಡತದಲ್ಲಿ ಯಾವ ದೂರೂ ಹಳೆಯದಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ? 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಾರಂಟಿ ದುರಸ್ತಿಗೆ ಇಂತಿಷ್ಟೇ ದಿನ ಎಂಬ ಅಂಕಿ ಇಲ್ಲ. ಕಂಪನಿಗಳು ಈ ಖಾಲಿ ಜಾಗದಲ್ಲಿ ಗೋದಾಮು ಕಟ್ಟಿಕೊಂಡಿವೆ. ಆದರೆ ಸಕಾರಣವಿಲ್ಲದ ವಿಳಂಬ ಸೇವಾ ನ್ಯೂನತೆಯೇ ಎಂದು ಗ್ರಾಹಕರ ಆಯೋಗಗಳು ಮತ್ತೆ ಮತ್ತೆ ಹೇಳಿವೆ. ದೋಷ ಸರಿಪಡಿಸು, ಇಲ್ಲವೇ ಹೊಸದು ಕೊಡು, ಇಲ್ಲವೇ ಹಣ ವಾಪಸ್ ಕೊಡು, ಮೇಲೆ ಪರಿಹಾರವನ್ನೂ ಕೊಡು ಎಂದು ಆದೇಶಿಸುವ ಅಧಿಕಾರ ಅವಕ್ಕಿದೆ. ವಾರಂಟಿ ಕಾರ್ಡಿನಲ್ಲಿ ‘ವ್ಯಾಜ್ಯಗಳು ದೆಹಲಿ ನ್ಯಾಯಾಲಯದ ವ್ಯಾಪ್ತಿಗೆ ಮಾತ್ರ’ ಎಂದು ಬರೆದಿರುತ್ತಾರೆ. ಮೊಸರು ಹುಳಿಯಾದದ್ದಕ್ಕೆ ದೆಹಲಿ ರೈಲು ಹತ್ತುವವರು ಯಾರು ಎಂಬುದು ಅವರ ಧೈರ್ಯ. ಹೊಸ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಅಂಗಡಿಯವನು ಕಂಪನಿಯ ಕಡೆ, ಕಂಪನಿ ಅಂಗಡಿಯ ಕಡೆ ಬೆರಳು ತೋರಿಸಿದರೆ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬಹುದು. ದೂರು ಕೊಡಲು ನಮಗೆ 2 ವರ್ಷ. ಉತ್ತರ ಕೊಡಲು ಕಂಪನಿಗೆ 30 ದಿನ, ಹೆಚ್ಚೆಂದರೆ ಇನ್ನು 15. ಅದಕ್ಕೂ ಮೀರಿ ಒಂದು ದಿನವೂ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿಬಿಟ್ಟಿತು. ಕಂಪನಿಯ ಕ್ಯಾಲೆಂಡರಿನಲ್ಲಿ ಕಾಣುವ ಏಕೈಕ ತಾರೀಖು ಬಹುಶಃ ಇದೇ. (ಆಯೋಗದಲ್ಲಿಯೇ ತಾರೀಖಿನ ಮೇಲೆ ತಾರೀಖು ಬೀಳುವ ಕಥೆ ಇನ್ನೊಂದು ಅಂಕಣಕ್ಕಿರಲಿ.)

ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೇ ದೂರು ಬರೆಸಬಹುದು. ಒಂದು ಲಿಖಿತ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ, ದೇಶದಲ್ಲೆಲ್ಲೂ ಸ್ಟಾಕ್ ಇಲ್ಲದ ಕಂಪ್ರೆಸರು ಎಷ್ಟೋ ಸಲ ವಿಜಯಪುರದ ಗೋದಾಮಿನಲ್ಲಿಯೇ ಸಿಕ್ಕಿಬಿಡುತ್ತದೆ. ಅಂಚೆಯವನಿಗೆ ಈ ಮಾಂತ್ರಿಕ ಶಕ್ತಿ ಹೇಗೆ ಬಂತೆಂದು ಭೌತಶಾಸ್ತ್ರದವರು ನೋಡಬೇಕು.

ನಮ್ಮ ಓಣಿಯ ನಿವೃತ್ತ ಶಿಕ್ಷಕರೊಬ್ಬರು ನೋಟಿಸಿನ ಜೊತೆ ಇನ್ನೊಂದು ದಾರಿಯನ್ನೂ ಹಿಡಿದರು. ಅವರ ಫ್ರಿಜ್ಜು ಸಾಲದ್ದು. ಫ್ರಿಜ್ಜು ಮನೆಯಲ್ಲಿಲ್ಲದಿದ್ದರೂ ಕಂತಿನ ತಾರೀಖು ತಪ್ಪುವುದಿಲ್ಲ. ಆ ತಿಂಗಳು ಖಾತೆಯಲ್ಲಿ ಹಣ ಸಾಲದೆ ಫೈನಾನ್ಸಿನವರ ಕರೆ ಬಂತು. (ಸಂಜೆಯೊಳಗೆ ಅವರು ಕಂತು ಕಟ್ಟಿದರು. ನೀವೂ ಕಟ್ಟಿ, ಇಲ್ಲದಿದ್ದರೆ ಸಿಬಿಲ್ ಅಂಕ ನೆಲಕಚ್ಚುತ್ತದೆ.) ಮೇಷ್ಟ್ರು ತರಗತಿಯ ಗಂಭೀರ ದನಿಯಲ್ಲಿ ಹೇಳಿದರು:

“ತಮ್ಮ ಕಂತು ನಮಗೆ ಅತ್ಯಮೂಲ್ಯ. ತಮ್ಮ ಬೇಡಿಕೆಯನ್ನು ನೋಂದಾಯಿಸಿಕೊಂಡಿದ್ದೇವೆ. ಐನೂರರ ನೋಟುಗಳು ಸದ್ಯ ಸ್ಟಾಕಿನಲ್ಲಿಲ್ಲ, ಪುಣೆಯಲ್ಲಿರುವ ಮಗನಿಗೆ ಬರೆದಿದ್ದೇವೆ. ನೋಟು ದಾರಿಯಲ್ಲಿದೆ. 48 ಗಂಟೆಯೊಳಗೆ ನಮ್ಮ ಮನೆಯವರು ತಮ್ಮನ್ನು ಸಂಪರ್ಕಿಸುತ್ತಾರೆ. ಅಷ್ಟರಲ್ಲಿ ತಮ್ಮ ಮೊಬೈಲಿಗೆ ಬಂದಿರುವ ಒಟಿಪಿ ಹೇಳಿದರೆ, ಈ ಕಂತು ತೃಪ್ತಿಕರವಾಗಿ ಪಾವತಿಯಾಗಿದೆ ಎಂದು ಮುಚ್ಚಿಬಿಡುತ್ತೇವೆ.”

ಆ ಕಡೆಯ ಹುಡುಗಿ ತುಸು ಹೊತ್ತು ಸುಮ್ಮನಿದ್ದು, ಬಹಳ ಮರ್ಯಾದೆಯಿಂದ ಕೇಳಿದಳು: “ಸರ್, ತಾವು ಯಾವ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡುತ್ತೀರಿ?”