ಈ ಬಫರ್ ಈಗ ಯಾರದ್ದು?

ಹೋದ ವಾರ ಪರಿಚಯದ ಹುಡುಗನೊಬ್ಬ ಒಂದು ಪ್ಯಾಚ್, ಅಂದರೆ ಕೋಡ್‌ಗೆ ತಿದ್ದುಪಡಿ, ಕಳಿಸಿದ. ಲಿನಕ್ಸ್‌ನ ಒಂದು ಹಳೇ ನೆಟ್‌ವರ್ಕ್ ಕಾರ್ಡ್ ಡ್ರೈವರ್‌ಗೆ ಬರೆದದ್ದು. "ಸರ್, ಮೆಮೊರಿ ಲೀಕ್ ಫಿಕ್ಸ್. ಒಂದೇ ಸಾಲು. ಸುಮ್ನೆ ಒಂದ್ಸಲ ಕಣ್ಣಾಡಿಸಿ ಓಕೆ ಅಂದ್ಬಿಡಿ." ನಾನು ನಾಲ್ಕು ದಿನ ಓಕೆ ಅನ್ನಲಿಲ್ಲ. ಅವನಿಗೆ ಬೇಜಾರಾಯಿತು, ಒಂದು ಸಾಲಿಗೆ ಇಷ್ಟು ಸತಾಯಿಸೋದಾ ಅಂತ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಉದ್ದವಾಗಿ ಬರೆಯುತ್ತಿದ್ದೇನೆ. ಈ "ಒಂದೇ ಸಾಲು" ಅನ್ನುವ ಮಾತಿನ ಮೇಲೆ ನನಗೆ ತುಂಬಾ ದಿನದ ಸಿಟ್ಟಿದೆ.

ಮೊದಲು ಈ ಕಡೆ ಕೆಲಸ ಮಾಡದವರಿಗೆ ಎರಡು ಮಾತು. ಮಾಮೂಲಿ ಪ್ರೋಗ್ರಾಂನಲ್ಲಿ ಮೆಮೊರಿ ಕೇಳುವವರೂ ನಾವೇ, ಬಳಸುವವರೂ ನಾವೇ, ವಾಪಸ್ ಕೊಡುವವರೂ ನಾವೇ. ವಾಪಸ್ ಕೊಡುವುದಕ್ಕೆ ಫ್ರೀ ಅನ್ನುತ್ತಾರೆ, ಕೊಡಲು ಮರೆತರೆ ಅದೇ ಲೀಕ್. ನೆಟ್‌ವರ್ಕ್ ಕಾರ್ಡ್ ಹಾಗಲ್ಲ. ಅದು ಸಿಪಿಯುವನ್ನು ಕೇಳದೆ ನೇರವಾಗಿ ಮೆಮೊರಿಗೆ ಬರೆಯುತ್ತದೆ, ಅಲ್ಲಿಂದಲೇ ಓದುತ್ತದೆ. ಇದಕ್ಕೇ ಡಿಎಂಎ ಅನ್ನುವುದು. ಡ್ರೈವರ್ ಒಂದು ರಿಂಗ್ ಇಟ್ಟುಕೊಂಡಿರುತ್ತದೆ. ಅದರಲ್ಲಿ 256 ಅಥವಾ 512 ಖಾನೆ ಇರುತ್ತವೆ ಅಂದುಕೊಳ್ಳಿ. ಒಂದೊಂದು ಖಾನೆಯಲ್ಲೂ ಒಂದು ಬಫರ್‌ನ, ಅಂದರೆ ಪ್ಯಾಕೆಟ್ ಇಡುವ ಮೆಮೊರಿ ತುಂಡಿನ, ವಿಳಾಸ. ಬಫರನ್ನು ಕಾರ್ಡ್‌ಗೆ ಮ್ಯಾಪ್ ಮಾಡಿ, ಅಂದರೆ ಕಾರ್ಡ್ ಬಳಸಬಲ್ಲ ವಿಳಾಸ ಮಾಡಿ, ಕೊಟ್ಟ ಮೇಲೆ ಅದು ಕಾರ್ಡ್‌ದು. ಕೆಲಸ ಮುಗಿಯಿತು ಅಂತ ಕಾರ್ಡ್ ಹೇಳಿ, ನಾವು ಅನ್‌ಮ್ಯಾಪ್ ಮಾಡಿದ ಮೇಲೆ ಮತ್ತೆ ನಮ್ಮದು. ಪ್ಯಾಕೆಟ್ಟನ್ನು ಮೇಲಿನ ನೆಟ್‌ವರ್ಕ್ ಸ್ಟ್ಯಾಕ್‌ಗೆ ದಾಟಿಸಿದರೆ ಸ್ಟ್ಯಾಕ್‌ದು. ಒಂದೇ ಬಫರ್ ಸೆಕೆಂಡಿಗೆ ಲಕ್ಷಗಟ್ಟಲೆ ಪ್ಯಾಕೆಟ್ ಓಡುವ ದಾರಿಯಲ್ಲಿ ಹೀಗೆ ಕೈ ಬದಲಾಯಿಸುತ್ತಲೇ ಇರುತ್ತದೆ, ಮತ್ತು ಸಿ ಭಾಷೆಯಲ್ಲಿ ಈ ಕೈ ಬದಲಾವಣೆಯನ್ನು ಬರೆದಿಡುವ ಜಾಗವೇ ಇಲ್ಲ. ಎಲ್ಲಾ ಬರೆದವರ ತಲೆಯಲ್ಲಿ.

ಈಗ ನನ್ನದೇ ಕಥೆ. ಕೆಲವು ವರ್ಷಗಳ ಹಿಂದೆ ನಾನು ನೋಡಿಕೊಳ್ಳುತ್ತಿದ್ದ ಒಂದು ಮಷೀನ್ ಹತ್ತು ಹನ್ನೆರಡು ದಿನಕ್ಕೊಮ್ಮೆ ಮೆಮೊರಿ ಇಲ್ಲ ಅಂತ ಮಲಗಿಬಿಡುತ್ತಿತ್ತು. ಯಾವ ಪ್ರೋಗ್ರಾಂ ನೋಡಿದರೂ ಜಾಸ್ತಿ ತಿಂದಿಲ್ಲ. ಎಲ್ಲದರ ಲೆಕ್ಕ ಕೂಡಿಸಿದರೆ ಅರ್ಧ ಮೆಮೊರಿಗೂ ಉತ್ತರ ಸಿಗುತ್ತಿರಲಿಲ್ಲ. ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ತಾನೇ ತಿನ್ನುವ ಮೆಮೊರಿಯ ಲೆಕ್ಕ ತೋರಿಸುವ ಸ್ಲಾಬ್‌ಟಾಪ್ ಹಾಕಿ ನೋಡಿದರೆ ಎಸ್‌ಕೆಬಿಗಳ ಕ್ಯಾಶ್ ಏರುತ್ತಲೇ ಇದೆ. ಎಸ್‌ಕೆಬಿ ಅಂದರೆ ಕರ್ನಲ್ ಒಳಗೆ ಒಂದೊಂದು ಪ್ಯಾಕೆಟ್ಟನ್ನೂ ಹೊತ್ತು ತಿರುಗುವ ಸ್ಟ್ರಕ್ಚರ್. ಕರ್ನಲ್‌ನ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಒಂದೇ ಸಾಲು ಮತ್ತೆ ಮತ್ತೆ: ಸ್ವಿಯೋಟಿಎಲ್‌ಬಿ ಬಫರ್ ತುಂಬಿದೆ.

ಆ ಕಾರ್ಡ್‌ಗೆ 32 ಬಿಟ್ ವಿಳಾಸ ಮಾತ್ರ ಗೊತ್ತು, 4 ಜಿಬಿ ಆಚೆಗೆ ಕೈ ಎಟುಕುವುದಿಲ್ಲ. ಮಷೀನ್‌ನಲ್ಲಿ ಅದಕ್ಕಿಂತ ಜಾಸ್ತಿ ಮೆಮೊರಿ ಇತ್ತು. ಅಂಥ ಕಡೆ ಕರ್ನಲ್ ಕೆಳಗಿನ ಮೆಮೊರಿಯಲ್ಲಿ ಒಂದು ಬೌನ್ಸ್ ಬಫರ್ ಇಟ್ಟುಕೊಂಡು ಅದರ ಮೂಲಕ ಡೇಟಾ ದಾಟಿಸುತ್ತದೆ. ಸ್ವಿಯೋಟಿಎಲ್‌ಬಿ ಅಂದರೆ ಇದೇ. ಡಿಫಾಲ್ಟ್ ಗಾತ್ರ 64 ಎಂಬಿ. 2 ಕೆಬಿಯ 32,768 ಸ್ಲಾಟ್. ಅದು ತುಂಬಿದರೆ ಮ್ಯಾಪ್ ಮಾಡುವ ಕರೆ ಫೇಲ್ ಆಗುತ್ತದೆ. ಆಗ ಡ್ರೈವರ್ ಏನು ಮಾಡಬೇಕು? ಪ್ಯಾಕೆಟ್ಟನ್ನು ಬಿಸಾಕಿ, ಎಸ್‌ಕೆಬಿಯನ್ನು ಫ್ರೀ ಮಾಡಿ, ಸರಿ ಅಂತ ಹೇಳಿ ವಾಪಸ್ ಬರಬೇಕು. ಈ ಡ್ರೈವರ್ ಸರಿ ಅಂತ ಹೇಳುತ್ತಿತ್ತು, ಫ್ರೀ ಮಾತ್ರ ಮಾಡುತ್ತಿರಲಿಲ್ಲ.

ನನಗೆ ಖುಷಿಯೋ ಖುಷಿ. ಸಿಕ್ಕಿತಲ್ಲ ಕಳ್ಳ! ಎರರ್ ಬಂದ ಕಡೆ ಒಂದು ಸಾಲು ಫ್ರೀ ಸೇರಿಸಿದೆ. ಹೌದು, ಒಂದೇ ಸಾಲು. ಮೂರು ದಿನ ಮಷೀನ್ ಚೆನ್ನಾಗಿ ಓಡಿತು. ನಾಲ್ಕನೇ ದಿನ ಯಾವುದೋ ಕೆಲಸಕ್ಕೆ ಇಂಟರ್ಫೇಸ್ ಇಳಿಸಿದೆ, ಇಳಿಸಿದ ಕ್ಷಣ ಕರ್ನಲ್ ಪ್ಯಾನಿಕ್, ಇಡೀ ಮಷೀನ್ ನಿಂತೇಹೋಯಿತು.

ಆಗಿದ್ದಿಷ್ಟು. ಆ ಡ್ರೈವರ್ ಎಸ್‌ಕೆಬಿಯ ಪಾಯಿಂಟರನ್ನು (ಅದರ ವಿಳಾಸವನ್ನು) ಮೊದಲೇ ರಿಂಗ್‌ನ ಖಾನೆಯಲ್ಲಿ ಬರೆದಿಟ್ಟು, ಆಮೇಲೆ ಮ್ಯಾಪ್ ಮಾಡಲು ಹೋಗುತ್ತಿತ್ತು. ಮ್ಯಾಪ್ ಫೇಲ್ ಆದಾಗ ನಾನು ಎಸ್‌ಕೆಬಿಯನ್ನೇನೋ ಫ್ರೀ ಮಾಡಿದೆ, ಆದರೆ ಖಾನೆಯಲ್ಲಿದ್ದ ಪಾಯಿಂಟರ್ ಹಾಗೇ ಉಳಿಯಿತು. ಮುಂದಿನ ಪ್ಯಾಕೆಟ್ ಬಂದು ಅದೇ ಖಾನೆಗೆ ಬರೆದರೆ ಬಚಾವ್. ಕೊನೆಗೆ ಬಂದ ಪ್ಯಾಕೆಟ್ಟೇ ಫೇಲ್ ಆಗಿದ್ದರೆ? ಇಂಟರ್ಫೇಸ್ ಇಳಿಸುವಾಗ ರಿಂಗ್ ತೊಳೆಯುವ ಫಂಕ್ಷನ್ ಬಂದು, ಖಾನೆಯಲ್ಲಿ ಇನ್ನೂ ಒಂದು ಉಳಿದಿದೆಯಲ್ಲ ಅಂತ ಮತ್ತೆ ಫ್ರೀ ಮಾಡುತ್ತದೆ. ಡಬಲ್ ಫ್ರೀ.

ಇಷ್ಟಕ್ಕೇ ಮುಗಿಯಲಿಲ್ಲ. ಪ್ಯಾಕೆಟ್‌ನ ತಲೆಭಾಗ ಒಂದು ಕಡೆ ಇದ್ದರೆ ಉಳಿದದ್ದು ಬೇರೆ ಬೇರೆ ಪುಟಗಳಲ್ಲಿ ಚೂರುಚೂರಾಗಿ ಇರಬಹುದು. ಒಂದೊಂದು ಚೂರನ್ನೂ ಬೇರೆ ಬೇರೆ ಮ್ಯಾಪ್ ಮಾಡಬೇಕು. ಮೂರನೇ ಚೂರಿಗೆ ಫೇಲ್ ಆದರೆ ಮೊದಲೆರಡನ್ನು ಅನ್‌ಮ್ಯಾಪ್ ಮಾಡಿಯೇ ಹಿಂದೆ ಬರಬೇಕು, ತಲೆಭಾಗಕ್ಕೆ ಒಂದು ಫಂಕ್ಷನ್, ಪುಟಗಳಿಗೆ ಇನ್ನೊಂದು. ಈ ಡ್ರೈವರ್‌ಗೆ ಅದರ ಗೊಡವೆಯೇ ಇರಲಿಲ್ಲ. ಅಂದರೆ ಒಂದು ಸಲ ಫೇಲ್ ಆದಾಗಲೆಲ್ಲ ಬೌನ್ಸ್ ಬಫರ್‌ನ ಒಂದೆರಡು ಸ್ಲಾಟ್ ಶಾಶ್ವತವಾಗಿ ಹೋಗುತ್ತಿದ್ದವು. ಸ್ಲಾಟ್ ಕಡಿಮೆಯಾದಷ್ಟೂ ಫೇಲ್ ಜಾಸ್ತಿ, ಫೇಲ್ ಜಾಸ್ತಿಯಾದಷ್ಟೂ ಸ್ಲಾಟ್ ಕಡಿಮೆ. ನಾನು ನೋಡಿದ ಎಸ್‌ಕೆಬಿ ಲೀಕ್ ಬರೀ ಬಾಲ, ಹಾವು ಬಿಲದೊಳಗೇ ಇತ್ತು. ನನ್ನ ಒಂದು ಸಾಲಿನಿಂದ ಬಾಲ ಕಾಣದ ಹಾಗಾಯಿತು ಅಷ್ಟೇ.

ಅವತ್ತಿನಿಂದ ನನ್ನದೊಂದು ಹಟ. ಯಾವ ಸಾಲನ್ನು ಮುಟ್ಟುವ ಮೊದಲೂ, ಈ ಸಾಲಿಗೆ ಬಂದಾಗ ಈ ಬಫರ್ ಯಾರದ್ದು ಅಂತ ಬಾಯಿಬಿಟ್ಟು ಹೇಳಲು ಬರಬೇಕು. ಬರದಿದ್ದರೆ ಮುಟ್ಟಬಾರದು. ಲೀಕ್ ಅಲ್ಲೇ ಇರಲಿ. ಇದನ್ನು ಕೇಳಿ ಕೆಲವರು ಹುಬ್ಬೇರಿಸುತ್ತಾರೆ. ಆದರೆ ನಿಜಕ್ಕೂ ಲೀಕ್ ಆದ ಮಷೀನ್ ನಿಧಾನಕ್ಕೆ ಸಾಯುತ್ತದೆ, ಸಾಯುವ ಮೊದಲು ಹತ್ತು ಸಲ ಕೆಮ್ಮುತ್ತದೆ, ಗ್ರಾಫ್‌ನಲ್ಲಿ ಕಾಣುತ್ತದೆ. ಡಬಲ್ ಫ್ರೀ ಹಾಗಲ್ಲ. ಫ್ರೀ ಮಾಡಿದ ಜಾಗವನ್ನು ಕರ್ನಲ್ ಇನ್ಯಾರಿಗೋ ಕೊಟ್ಟಿರುತ್ತದೆ, ಎರಡನೇ ಫ್ರೀ ಅವರ ಕಾಲಡಿಯ ನೆಲ ಎಳೆಯುತ್ತದೆ. ಫೈಲ್ ಸಿಸ್ಟಂ ಬೀಳುತ್ತದೆ, ಬೈಗುಳ ಫೈಲ್ ಸಿಸ್ಟಂಗೆ. ಮೇಲಾಗಿ ಅದೇ ದಾರಿಯಲ್ಲಿ ಹ್ಯಾಕರ್ ಕೂಡ ಒಳಗೆ ಬರಬಹುದು.

ಪ್ಯಾಕೆಟ್ ಕಳಿಸುವ ಫಂಕ್ಷನ್‌ನ ಕರಾರು ಬಹಳ ಸಣ್ಣದು. "ಓಕೆ" ಅಂತ ವಾಪಸ್ ಬಂದರೆ ಎಸ್‌ಕೆಬಿ ಡ್ರೈವರ್‌ದು, ಕಳಿಸಲಿ, ಬಿಸಾಕಲಿ, ಫ್ರೀ ಮಾಡುವ ಹೊಣೆ ಅದರದ್ದೇ. "ಬ್ಯುಸಿ" ಅಂತ ಬಂದರೆ ಎಸ್‌ಕೆಬಿ ಇನ್ನೂ ಸ್ಟ್ಯಾಕ್‌ದು, ಮುಟ್ಟಬಾರದು. ಎರಡೇ ಸಾಲು! ಆದರೂ ಓಕೆ ಅಂದು ಫ್ರೀ ಮಾಡದ ಡ್ರೈವರ್‌ಗಳೂ ಇವೆ, ಫ್ರೀ ಮಾಡಿ ಬ್ಯುಸಿ ಅಂದು ಬರುವವೂ ಇದ್ದವು. ಯಾಕಂದ್ರೆ ಎಲ್ಲರೂ ಟೆಸ್ಟ್ ಮಾಡುವುದು ಪ್ಯಾಕೆಟ್ ಹೋಗುವ ದಾರಿಯನ್ನು. ಹೋಗದ ದಾರಿಯಲ್ಲಿ ನಡೆದು ನೋಡಿದವರು ಯಾರು?

ಕಾರ್ಡ್ ಕಿತ್ತುಹಾಕುವ ದಾರಿಯೂ ಅಷ್ಟೇ. ಡ್ರೈವರ್‌ನ ಖಾಸಗಿ ಡೇಟಾ, ಕರ್ನಲ್‌ನಲ್ಲಿ ಕಾರ್ಡನ್ನು ಪ್ರತಿನಿಧಿಸುವ ನೆಟ್‌ಡೆವ್ ಸ್ಟ್ರಕ್ಚರ್‌ನ ಬಾಲಕ್ಕೆ ಅಂಟಿಕೊಂಡೇ ಇರುತ್ತದೆ, ಎರಡಕ್ಕೂ ಸೇರಿ ಒಂದೇ ಅಲೊಕೇಶನ್. ರಿಮೂವ್ ಫಂಕ್ಷನ್‌ನಲ್ಲಿ ಮೊದಲು ನೆಟ್‌ಡೆವ್ ಫ್ರೀ ಮಾಡಿ, ಮರು ಸಾಲಿನಲ್ಲೇ ಖಾಸಗಿ ಡೇಟಾದೊಳಗಿನ ರಿಜಿಸ್ಟರ್ ವಿಳಾಸ ತೆಗೆದು ಅನ್‌ಮ್ಯಾಪ್ ಮಾಡುವ ಕೋಡ್ ಎಷ್ಟೋ ಡ್ರೈವರ್‌ಗಳಲ್ಲಿ ವರ್ಷಗಟ್ಟಲೆ ಕೂತಿತ್ತು. ಎರಡು ಸಾಲು ಅದಲುಬದಲಾದರೆ ಯೂಸ್ ಆಫ್ಟರ್ ಫ್ರೀ, ವಾಪಸ್ ಕೊಟ್ಟ ಮೆಮೊರಿಯನ್ನೇ ಮತ್ತೆ ಬಳಸಿದ ಹಾಗೆ. ದಿನಾ ಡ್ರೈವರ್ ತೆಗೆಯುವವರು ಯಾರೂ ಇಲ್ಲದ್ದರಿಂದ ಗೊತ್ತೇ ಆಗಲಿಲ್ಲ. ಇನ್ನು ಟೈಮರ್ ಮತ್ತು ವರ್ಕ್ (ಆಮೇಲೆ ಹಿನ್ನೆಲೆಯಲ್ಲಿ ಓಡಲು ಬಿಟ್ಟ ಕೆಲಸ) ಒಂದನ್ನೊಂದು ಎಬ್ಬಿಸುವ ಡ್ರೈವರ್‌ಗಳಿವೆ. ಟೈಮರ್ ನಿಲ್ಲಿಸಿ ವರ್ಕ್ ನಿಲ್ಲಿಸಲು ಹೋದರೆ, ಓಡುತ್ತಿದ್ದ ವರ್ಕ್ ಹೋಗುವ ಮುಂಚೆ ಟೈಮರನ್ನು ಮತ್ತೆ ಎಬ್ಬಿಸಿಯೇ ಹೋಗುತ್ತದೆ. ಡ್ರೈವರ್ ಹೋಗುವಾಗ ಅದು ಪಡೆದದ್ದನ್ನು ಕರ್ನಲ್ಲೇ ಬಿಡಿಸುವ ಡೆವ್‌ಎಂ ಬಳಸಿದರೆ ಎಲ್ಲಾ ತಾನಾಗಿಯೇ ಫ್ರೀ ಆಗುತ್ತದಲ್ಲ ಅನ್ನುತ್ತಾರೆ. ಆಗುತ್ತದೆ, ಆದರೆ ರಿಮೂವ್ ಮುಗಿದ ಮೇಲೆ. ನೀವು ರಿಮೂವ್ ಒಳಗೆ ಕೈಯಾರೆ ರಿಂಗ್ ಫ್ರೀ ಮಾಡಿ, ಇಂಟರಪ್ಟನ್ನು (ಕಾರ್ಡ್ ಸಿಪಿಯುವನ್ನು ಕರೆಯುವ ಗಂಟೆಯನ್ನು) ಡೆವ್‌ಎಂಗೆ ಬಿಟ್ಟರೆ, ಆ ನಡುವೆ ಬಂದ ಇಂಟರಪ್ಟ್ ಇಲ್ಲದ ರಿಂಗನ್ನು ತಡಕಾಡುತ್ತದೆ.

ಏನೂ ಬೀಳದ, ಏನೂ ಲೀಕ್ ಆಗಿ ತುಂಬದ ತಪ್ಪೂ ಇದೆ. ಈಥರ್ನೆಟ್ ಫ್ರೇಮ್ ಕೊನೆಯ ಚೆಕ್‌ಸಮ್ ಬಿಟ್ಟು ಕನಿಷ್ಠ 60 ಬೈಟ್ ಇರಬೇಕು. ಈ ಐಪಿ ವಿಳಾಸ ಯಾರದ್ದು ಅಂತ ಕೇಳುವ ಒಂದು ಎಆರ್‌ಪಿ ಪ್ಯಾಕೆಟ್ ಹೆಡರ್ ಸೇರಿ 42 ಬೈಟ್. ಉಳಿದ 18 ಬೈಟ್‌ಗೆ ಸೊನ್ನೆ ತುಂಬಬೇಕು. ತುಂಬಾ ಡ್ರೈವರ್‌ಗಳು ಸೊನ್ನೆ ತುಂಬದೆ ಕಾರ್ಡ್‌ಗೆ "60 ಬೈಟ್ ಓದು" ಅಂದುಬಿಡುತ್ತಿದ್ದವು. ಕಾರ್ಡ್ ಪ್ಯಾಕೆಟ್ ದಾಟಿ ಪಕ್ಕದಲ್ಲಿದ್ದ ಕರ್ನಲ್ ಮೆಮೊರಿಯನ್ನೂ ಓದಿ ತಂತಿಗೆ ಹಾಕುತ್ತಿತ್ತು. ಬೇರೆಯವರ ಪ್ಯಾಕೆಟ್ಟಿನ ಚೂರು, ಇನ್ನೇನೇನೋ. 2003ರ ಜನವರಿಯಲ್ಲಿ ಇದು ಈಥರ್‌ಲೀಕ್ ಅನ್ನುವ ಹೆಸರಲ್ಲಿ ಹೊರಬಂತು. ಬಯಲಾದ ಭದ್ರತಾ ದೋಷಗಳಿಗೆ ನಂಬರ್ ಕೊಡುವ ಸಿವಿಇ ಪಟ್ಟಿಯಲ್ಲಿ ಆ ವರ್ಷ ಅದರ ನಂಬರ್ 0001. ಒಂದಲ್ಲ ಎರಡಲ್ಲ, ಹಲವು ಆಪರೇಟಿಂಗ್ ಸಿಸ್ಟಂಗಳ ಹಲವಾರು ಡ್ರೈವರ್‌ಗಳಲ್ಲಿ ಅದೇ ತಪ್ಪು. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರಲ್ವಾ, ತಪ್ಪೂ ಜೊತೆಗೇ ಬರುತ್ತದೆ.

ಈಗ ಟೂಲ್‌ಗಳಿವೆಯಲ್ಲ ಅಂತ ಕೇಳಬಹುದು. ಇವೆ, ಬಳಸಿ. 2015ರಲ್ಲಿ ಕರ್ನಲ್ 4.0 ಜೊತೆ ಬಂದ, ಮೆಮೊರಿ ತಪ್ಪು ಹಿಡಿಯುವ ಕೆಸಾನ್ ನನ್ನ ಡಬಲ್ ಫ್ರೀಯನ್ನು ಒಂದೇ ನಿಮಿಷದಲ್ಲಿ ತೋರಿಸುತ್ತಿತ್ತು, ಯಾರು ಅಲೊಕೇಟ್ ಮಾಡಿದರು, ಯಾರು ಮೊದಲು ಫ್ರೀ ಮಾಡಿದರು ಅನ್ನುವುದರ ಸಮೇತ. ಆದರೆ ಕೆಸಾನ್ ನೋಡುವುದು ಸಿಪಿಯು ಓದುವುದನ್ನು, ಬರೆಯುವುದನ್ನು ಮಾತ್ರ. ಕಾರ್ಡ್ ತಾನಾಗಿ ಬರೆದದ್ದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಫ್ರೀ ಮಾಡಿದ ಬಫರ್‌ಗೆ ಕಾರ್ಡ್ ಇನ್ನೂ ಪ್ಯಾಕೆಟ್ ಸುರಿಯುತ್ತಿದ್ದರೆ ತಡೆಯಬಲ್ಲದ್ದು ಐಒಎಂಎಂಯು, ಕಾರ್ಡ್ ಮತ್ತು ಮೆಮೊರಿಯ ನಡುವೆ ಕಾವಲು ಕೂತ ಹಾರ್ಡ್‌ವೇರ್. ಅದಕ್ಕೂ ಕಾಣುವುದು ಪುಟದ ಮಟ್ಟಕ್ಕೆ, ಅಂದರೆ ಸಾಮಾನ್ಯವಾಗಿ 4,096 ಬೈಟ್. ಒಂದು ಪುಟವನ್ನು ಎರಡು ಬಫರ್ ಹಂಚಿಕೊಂಡಿದ್ದರೆ ಪಕ್ಕದ್ದಕ್ಕೆ ಬರೆದರೂ ಅದು ಸುಮ್ಮನಿರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಡಿಎಂಎ ಡೀಬಗ್ ಆಯ್ಕೆ. ಮ್ಯಾಪ್ ಎರರ್ ಚೆಕ್ ಮಾಡಿಲ್ಲ, ತಪ್ಪು ಫಂಕ್ಷನ್‌ನಿಂದ ಅನ್‌ಮ್ಯಾಪ್ ಮಾಡಿದ್ದೀರಿ ಅಂತ ಹಳೇ ಮೇಷ್ಟ್ರ ಹಾಗೆ ಮುಖಕ್ಕೆ ಹೇಳುತ್ತದೆ. ಡ್ರೈವರ್ ಪ್ಯಾಚ್ ಕಳಿಸುವವರಲ್ಲಿ ಎಷ್ಟು ಜನ ಅದನ್ನು ಆನ್ ಮಾಡಿ ನೋಡುತ್ತಾರೋ ನನಗೆ ಅನುಮಾನ.

ಡ್ರೈವರ್‌ಗಳನ್ನು ಇಷ್ಟು ಬೈದ ಮೇಲೆ ಅವುಗಳ ಪರವಾಗಿಯೂ ಒಂದು ಮಾತು ಹೇಳಬೇಕು. 2008ರಲ್ಲಿ ಕರ್ನಲ್ 2.6.27 ಬಿಡುಗಡೆಗೆ ತಯಾರಾಗುತ್ತಿದ್ದಾಗ ಇಂಟೆಲ್‌ನ ಇ1000ಇ ಕಾರ್ಡ್‌ಗಳು ಸಾಯತೊಡಗಿದವು. ಕಾರ್ಡ್ ಒಳಗಿನ ಫ್ಲ್ಯಾಶ್ ಡೇಟಾವೇ ಕೆಟ್ಟು, ರೀಬೂಟ್ ಮಾಡಿದರೂ ಏಳುತ್ತಿರಲಿಲ್ಲ. ಎಲ್ಲರ ಬೆರಳು ಡ್ರೈವರ್ ಕಡೆಗೆ. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಕರ್ನಲ್‌ನ ಯಾವ ಫಂಕ್ಷನ್ ಯಾವಾಗ ಓಡಿತು ಅಂತ ತೋರಿಸುವ ಎಫ್‌ಟ್ರೇಸ್‌ನಲ್ಲಿ. ಅದು ಫಂಕ್ಷನ್‌ಗಳ ವಿಳಾಸ ಬರೆದಿಟ್ಟುಕೊಂಡು ಆಮೇಲೆ ಅಲ್ಲಿಗೆ ಹೋಗಿ ಕೋಡ್ ತಿದ್ದುತ್ತಿತ್ತು. ಮಾಡ್ಯೂಲ್‌ನ ಇನಿಟ್ ಕೋಡ್ (ಶುರುವಿನಲ್ಲಿ ಒಮ್ಮೆ ಮಾತ್ರ ಓಡುವ ಭಾಗ) ಕೆಲಸ ಮುಗಿದ ಮೇಲೆ ಫ್ರೀ ಆಗುತ್ತದೆ, ಆ ವಿಳಾಸಕ್ಕೆ ಕಾರ್ಡ್‌ನ ಫ್ಲ್ಯಾಶ್ ಬಂದು ಮ್ಯಾಪ್ ಆಗಿತ್ತು. ಹಳೇ ಬೈಟ್ ಇದ್ದರೆ ಮಾತ್ರ ಬದಲಿಸು ಅನ್ನುವ ಇನ್‌ಸ್ಟ್ರಕ್ಷನ್ ಅದು, ಆದರೆ ಬೈಟ್ ಹೊಂದದಿದ್ದರೂ ಓದಿದ್ದನ್ನೇ ತಿರುಗಿ ಬರೆಯುತ್ತದೆ. ಮೆಮೊರಿಗಾದರೆ ಏನೂ ಆಗುವುದಿಲ್ಲ, ಫ್ಲ್ಯಾಶ್‌ಗೆ ಅದೇ ವಿಷ. ಅಲ್ಲೂ ಪ್ರಶ್ನೆ ಅದೇ ಆಗಿತ್ತು. ಈ ವಿಳಾಸ ಈಗ ಯಾರದ್ದು ಅಂತ ಎಫ್‌ಟ್ರೇಸ್ ಕೇಳಲಿಲ್ಲ. ಇ1000ಇಯವರು ತಮ್ಮ ತಪ್ಪಲ್ಲದಿದ್ದರೂ ಫ್ಲ್ಯಾಶ್‌ಗೆ ರೈಟ್ ಪ್ರೊಟೆಕ್ಟ್ ಹಾಕಿದರು, ಅದು ನನಗೆ ಹಿಡಿಸಿದ ಕೆಲಸ.

ಸಿ ಬದಲು ರಸ್ಟ್ ಭಾಷೆ ಬಂದರೆ ಎಲ್ಲಾ ಸರಿಹೋಗುತ್ತದೆ ಅನ್ನುವವರಿಗೆ ಉತ್ತರ ಕೊಡುತ್ತಾ ಕೂರುವುದಿಲ್ಲ. ಯಾರದ್ದು ಅನ್ನುವ ಪ್ರಶ್ನೆಯನ್ನು ಕಂಪೈಲರ್ ಕೇಳುವುದು ಒಳ್ಳೆಯದೇ. ಆದರೆ ಕಾರ್ಡ್‌ಗೆ ರಸ್ಟ್ ಬರುವುದಿಲ್ಲ. ಅದಕ್ಕೆ ಕೊಟ್ಟ ವಿಳಾಸಕ್ಕೆ ಅದು ಬರೆಯುತ್ತದೆ.

ಹುಡುಗನ ಪ್ಯಾಚ್‌ಗೆ ವಾಪಸ್ ಬರುತ್ತೇನೆ. ಅವನನ್ನು ಒಂದೇ ಪ್ರಶ್ನೆ ಕೇಳಿದೆ. "ನೀನು ಫ್ರೀ ಮಾಡುವ ಹೊತ್ತಿಗೆ ಎಸ್‌ಕೆಬಿ ರಿಂಗ್‌ನಲ್ಲಿ ಬರೆದಾಗಿದೆಯಾ, ಇಲ್ವಾ?" ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ, "ಬರೆದಾಗಿದೆ ಸರ್, ಆರು ಸಾಲು ಮೇಲೆ." ಬೂಟ್ ಆಗುವಾಗ ಬೌನ್ಸ್ ಬಫರನ್ನು ಬಲವಂತವಾಗಿ ಚಾಲೂ ಮಾಡಿ, ಅದರ ಗಾತ್ರ ತೀರಾ ಇಳಿಸಿ, ದೊಡ್ಡ ಪ್ಯಾಕೆಟ್ ಹರಿಸಿ ನೋಡು, ಆಮೇಲೆ ಇಂಟರ್ಫೇಸ್ ಇಳಿಸು ಅಂದೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಬಂತು: "ಸರ್, ಬಿತ್ತು. ಹೊಸ ಪ್ಯಾಚ್ ಹತ್ತೊಂಬತ್ತು ಸಾಲು ಆಗಿದೆ. ಇನ್ನೂ ಅನ್‌ಮ್ಯಾಪ್ ಮಾಡೋದು ಬಾಕಿ ಇದೆ."