ಗೋಳಗುಮ್ಮಟದ ಊರಿಗೆ ಎರಡು ಸೆಂಟಿಮೀಟರ್ ಬಾಗು

ಅಕ್ಕನ ಮಗ ಫೋನ್ ಮಾಡಿ, "ಮಾಮಾ, ಮಾನಿಟರ್ ತಗೋಬೇಕ್ರಿ, ಗೇಮಿಂಗಿಂದು, ಕರ್ವ್ ಇದ್ದದ್ದ ಬೇಕು" ಅಂದ. ಬಜೆಟ್ ಎಷ್ಟು ಅಂದೆ. ಹತ್ತು ಸಾವಿರ. ಕಂಪ್ಯೂಟರ್ ಯಾವುದು ಅಂದೆ. ಅದು ಹಳೇದ ಐತ್ರಿ, ಅದರ ಮಾತು ಆಮ್ಯಾಲೆ ಅಂದ. ಕರ್ವ್ ಯಾಕೆ ಬೇಕು ಅಂತ ಕೇಳಿದ್ದೇ ತಪ್ಪಾಯಿತು. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಬಹಳ ಸಮಾಧಾನದಿಂದ, ದಡ್ಡ ಮಾಮನಿಗೆ ತಿಳಿಸಿ ಹೇಳುವವನ ಹಾಗೆ ಹೇಳಿದ: "ಎಲ್ಲಾರೂ ಅದನ್ನ ತಗೋಳಾಕತ್ತಾರ್ರಿ."

ಮುಗೀತು. ನಮ್ಮ ವಿಜಯಪುರದಲ್ಲಿ ಇದಕ್ಕಿಂತ ಗಟ್ಟಿ ಕಾರಣ ಯಾವ ವಸ್ತುವಿಗೂ ಬೇಕಾಗಿಲ್ಲ.

ನಮ್ಮ ಭಾವನದು ಒಣದ್ರಾಕ್ಷಿ ವ್ಯಾಪಾರ. ಕಾಳು ನೋಡಿಯೇ ದರ ಹೇಳುವ ಮನುಷ್ಯ. ಫೋಟೋ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲೋ ತಮ್ಮಾ, ಸೊಟ್ಟ ಇದ್ದ ಮಾಲು ಕಡಿಮಿ ರೇಟಿಗೆ ಹೋಗಬೇಕಲ್ಲ? ಇದಕ್ಕ ಯಾಕ ಮ್ಯಾಲ ರೊಕ್ಕ?" ಇಡೀ ಮಾನಿಟರ್ ಉದ್ಯಮದಲ್ಲಿ ಈ ಪ್ರಶ್ನೆಗೆ ಉತ್ತರ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಭಾವನನ್ನು ಭೇಟಿಯಾಗಬೇಕು. ಚಹಾ ಅವರೇ ಕುಡಿಸುತ್ತಾರೆ.

ಗಾಂಧಿ ಚೌಕದ ಹತ್ತಿರದ ಒಂದು ಅಂಗಡಿಗೆ ಹೋದೆವು. ಅಂಗಡಿಯವ ಡಬ್ಬಿ ಕೆಳಗಿಳಿಸಿ, ಬೆರಳಿಟ್ಟು, "ಹದಿನೈದು ನೂರು ಆರ್ ಅದ ನೋಡ್ರಿ ಸರ" ಅಂದ. ಆರ್ ಅಂದರೆ ಏನು ಅಂತ ಕೇಳಿದೆ. "ಆರ್ ಅಂದ್ರ ಆರ್ ರಿ. ಕಂಪನಿಯವ್ರು ಕೊಟ್ಟಾರ." ಅಳಿಯ ನನ್ನ ಅಂಗಿ ಜಗ್ಗಿದ. ಸುಮ್ನೆ ಇರಬಾರದಾ ಅಂತ.

ಆರ್ ಅಂದರೆ ತ್ರಿಜ್ಯ. ಎಂಟನೇ ಕ್ಲಾಸಿನ ಲೆಕ್ಕ. 1500ಆರ್ ಅಂದರೆ 1500 ಮಿಲಿಮೀಟರ್, ಅಂದರೆ ಒಂದೂವರೆ ಮೀಟರ್ ತ್ರಿಜ್ಯದ ಒಂದು ದೊಡ್ಡ ಬಳೆ ಅಂತ ಇಟ್ಟುಕೊಳ್ಳಿ. ಅದರಿಂದ ಅರ್ಧ ಮೀಟರಿನ ಒಂದು ಚೂರು ಕತ್ತರಿಸಿದರೆ ಅದೇ ನಮ್ಮ 24 ಇಂಚಿನ ಪರದೆ. ಈ ತುದಿಯಿಂದ ಆ ತುದಿಗೆ ನೂಲು ಎಳೆದು ನಡುವೆ ಸ್ಕೇಲ್ ಇಟ್ಟು ನೋಡಿದೆ. ಎರಡು ಸೆಂಟಿಮೀಟರ್, ಮೇಲೆ ಚಿಲ್ಲರೆ. ನಮ್ಮ ಬಚ್ಚಲ ಬಾಗಿಲು ಮಳೆಗಾಲದಲ್ಲಿ ಇದಕ್ಕಿಂತ ಜಾಸ್ತಿ ಬಾಗುತ್ತದೆ. ಅದನ್ನು ನೋಡಿ ಯಾರೂ ವಾವ್ ಅಂದಿಲ್ಲ, ಬಡಿಗನಿಗೇ ಫೋನ್ ಮಾಡಿದ್ದಾರೆ.

ಇನ್ನೊಂದು ಮಜಾ ಏನಂದರೆ ಈ ಆರ್ ಸಂಖ್ಯೆ ಉಲ್ಟಾ ಓಡುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಬಾಗು ಜಾಸ್ತಿ. 1000ಆರ್ ಚೆನ್ನಾಗಿ ಬಾಗಿದ್ದು, 1800ಆರ್ ನಾಚಿಕೊಂಡು ಬಾಗಿದ್ದು. ಈ ಲೆಕ್ಕದಲ್ಲಿ ನಮ್ಮ ಗೋಳಗುಮ್ಮಟ ಎಷ್ಟು ಅಂತ ಅಂಗಡಿಯಲ್ಲೇ ನಿಂತು ಕೂಡಿಸಿದೆ. ಹೊರಗಿನಿಂದ ಸುಮಾರು 44 ಮೀಟರ್ ಅಗಲ, ಅರ್ಧ ಅಂದರೆ 22 ಮೀಟರ್, ಆಯಿತು 22,000ಆರ್. ಅಂದರೆ 1656ರಲ್ಲಿ ಮುಗಿದ, ಬಸ್ಸು ತುಂಬಿ ತುಂಬಿ ಜನ ನೋಡಲು ಬರುವ ಆ ಗುಮ್ಮಟ, ಡಬ್ಬಿಯ ಭಾಷೆಯಲ್ಲಿ ಹೆಚ್ಚು ಕಡಿಮೆ ಸಪಾಟು! ಮುಹಮ್ಮದ್ ಆದಿಲ್ ಶಾಹನಿಗೆ ಈ ಅಂಗಡಿಯವ ಆಗಲೇ ಸಿಕ್ಕಿದ್ದರೆ ಅಷ್ಟೊಂದು ಕಲ್ಲು, ಗಾರೆ, ಕೂಲಿ ಎಲ್ಲ ಉಳೀತಿತ್ತು.

ಬಾಗು ಇರುವುದು ಕಣ್ಣಿಗೆ ಪರದೆಯ ನಡುವೆಯೂ ಅಂಚೂ ಒಂದೇ ದೂರ ಇರಲಿ ಅಂತ. ಒಳ್ಳೆ ವಿಚಾರ. ಆದರೆ ಹಾಗಾಗಬೇಕಾದರೆ ಆ ಬಳೆಯ ನಟ್ಟನಡುವೆ ಕೂರಬೇಕು, ಅಂದರೆ ಪರದೆಯಿಂದ ಒಂದೂವರೆ ಮೀಟರ್ ಹಿಂದೆ. ಅಳಿಯನ ಕೋಣೆಯಲ್ಲಿ ಟೇಬಲ್ಲಿನಿಂದ ಒಂದೂವರೆ ಮೀಟರ್ ಹಿಂದೆ ಹೋದರೆ ಅಕ್ಕನ ಅಡುಗೆಮನೆ ಬರುತ್ತದೆ. ರೊಟ್ಟಿ ಬಡಿಯುವ ಕಲ್ಲಿನ ಪಕ್ಕ ಕೂತು 24 ಇಂಚಿನಲ್ಲಿ ಶತ್ರುವನ್ನು ಹುಡುಕಿದರೆ ಸಾಸಿವೆ ಕಾಳು ಕಾಣಬಹುದು. 34 ಇಂಚಿನ ಉದ್ದನೆಯ ಪರದೆಗಳಿವೆ, ಅವುಗಳಲ್ಲಿ ತುದಿ ನಿಜಕ್ಕೂ ದೂರ ಹೋಗುವುದರಿಂದ ಬಾಗಿಗೆ ಅರ್ಥ ಇದೆ, ಒಪ್ಪುತ್ತೇನೆ. ಅದು ಹತ್ತು ಸಾವಿರಕ್ಕೆ ಬರುವುದಿಲ್ಲ. ಹತ್ತು ಸಾವಿರಕ್ಕೆ ಬರುವುದು ಬಾಗಿನ ಹೆಸರು. ಅಷ್ಟೇ.

ಈಗ ಒಳಗಿನ ಮಾಲು. ಕಡಿಮೆ ದರದ ಬಾಗಿದ ಪರದೆಗಳಲ್ಲಿ ಸಾಮಾನ್ಯವಾಗಿ ಇರುವುದು ವಿಎ ಪ್ಯಾನೆಲ್ (ಪ್ಯಾನೆಲ್ ಅಂದರೆ ಚಿತ್ರ ಮೂಡಿಸುವ ಹಾಳೆ; ವಿಎ, ಐಪಿಎಸ್ ಅದರ ಎರಡು ಜಾತಿ). ಕಪ್ಪು ಬಣ್ಣ ಇದರಲ್ಲಿ ಭಾಳ ಚೆನ್ನಾಗಿ ಬರುತ್ತದೆ, ಐಪಿಎಸ್ ಪ್ಯಾನೆಲ್ಲಿನ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ, ಸಾವಿರಕ್ಕೆ ಒಂದರ ಆಸುಪಾಸು ಇದ್ದರೆ ಇದರದ್ದು ಮೂರು ಸಾವಿರ ಮುಟ್ಟುತ್ತದೆ. (ಡಬ್ಬಿಯ ಮೇಲೆ ಕೋಟಿಗೆ ಒಂದು ಅಂತ ಬರೆದಿರುವುದು ಡೈನಮಿಕ್ ಕಾಂಟ್ರಾಸ್ಟ್. ಅದನ್ನು ಚುನಾವಣೆ ಪ್ರಣಾಳಿಕೆ ಓದಿದ ಹಾಗೆ ಓದಿಕೊಳ್ಳಿ.) ತೊಂದರೆ ಏನೆಂದರೆ ಆ ಕಪ್ಪಿನಿಂದ ಬೇರೆ ಬಣ್ಣಕ್ಕೆ ಬರುವುದಕ್ಕೆ ಅಗ್ಗದ ವಿಎ ಬಹಳ ಸೋಮಾರಿ. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ನಿಂತು ಒಂದು ಸಲ "ಓಯ್" ಅಂದರೆ ಏಳು ಸಲ ಕೇಳುತ್ತದೆ ಅಲ್ವಾ, ಹಾಗೆಯೇ ಇಲ್ಲಿ ಕತ್ತಲ ಕೋಣೆಯಲ್ಲಿ ಒಬ್ಬ ಓಡಿದರೆ ಅವನ ಹಿಂದೆ ಅವನದೇ ಮಸಿ ಓಡುತ್ತದೆ. ಅಳಿಯ ಯಾರಿಗೆ ಗುಂಡು ಹೊಡೆಯಬೇಕು?

"ಒಂದ ಮಿಲಿಸೆಕೆಂಡ್ ಅದ ಅಲ್ರಿ ಸರ!" ಅಂದ ಅಂಗಡಿಯವ. ಹೌದು, ಡಬ್ಬಿಯ ಮೇಲೆ ಹಸ್ತದಗಲ ಬರೆದಿದೆ. ಪಕ್ಕದಲ್ಲಿ ಒಂದು ಸಣ್ಣ ಚುಕ್ಕಿ. ಚುಕ್ಕಿ ಹಿಡಿದು ಡಬ್ಬಿ ತಿರುಗಿಸಿ ತಿರುಗಿಸಿ ತಳಕ್ಕೆ ಹೋದರೆ ಎಂಪಿಆರ್‌ಟಿ ಅಂತ ಬರೆದಿತ್ತು. ಬಣ್ಣ ಬದಲಾಗುವ ವೇಗ ಅದಲ್ಲ. ಹಿಂದಿನ ಲೈಟನ್ನು ಪಟಪಟ ಆರಿಸಿ ಹತ್ತಿಸಿ ಮಸಿ ನಿಮ್ಮ ಕಣ್ಣಿಗೆ ಬೀಳದ ಹಾಗೆ ಮಾಡುವ ಉಪಾಯ. ಅದನ್ನು ಚಾಲೂ ಮಾಡಿದರೆ ಪರದೆ ಮಂಕಾಗುತ್ತದೆ. ಕಸ ಕಾಣಬಾರದು ಅಂತ ದೀಪ ಆರಿಸಿದ ಹಾಗೆ.

ಎಚ್‌ಡಿಆರ್ (ಬೆಳಕು, ಕತ್ತಲು ಎರಡನ್ನೂ ಎದ್ದು ಕಾಣುವ ಹಾಗೆ ತೋರಿಸುವ ತಂತ್ರ) ಕೂಡ ಇತ್ತು, "ಸಪೋರ್ಟ್" ಅಂತ. ಪರದೆಯ ಬೆಳಕು 250 ನಿಟ್ಸ್ (ಬೆಳಕಿನ ಅಳತೆ). ವೀಸಾ ಅನ್ನುವ ಸಂಸ್ಥೆ (ಅಮೆರಿಕಕ್ಕೆ ಹೋಗುವ ವೀಸಾ ಅಲ್ಲ, ಪರದೆಗಳಿಗೆ ಮಾನದಂಡ ಹಾಕುವ ಸಂಸ್ಥೆ) ಎಚ್‌ಡಿಆರ್ ಅಂತ ಮುದ್ರೆ ಒತ್ತಬೇಕಾದರೆ ಮಾಮೂಲಿ ಪರದೆಗಳಿಗೆ ಕೇಳುವ ಕೆಳಗಿನ ಮೆಟ್ಟಿಲೇ 400. ಹಾಗಾದರೆ ಸಪೋರ್ಟ್ ಅಂದರೆ? ಎಚ್‌ಡಿಆರ್ ಸಿಗ್ನಲ್ ಬಂದರೆ ಬೇಡ ಅನ್ನುವುದಿಲ್ಲ, ಒಳಗೆ ತಗೊಳ್ಳುತ್ತದೆ. ನಮ್ಮ ಕಚೇರಿಗಳು ಅರ್ಜಿ ತಗೊಳ್ಳುವುದಿಲ್ಲವೇ, ಹಾಗೆ. ಕೆಲಸ ಆಗುತ್ತದೆ ಅಂತ ಯಾರಾದರೂ ಹೇಳಿದರಾ?

ಹಿಂಬದಿಯಲ್ಲಿ ಬಣ್ಣಬಣ್ಣದ ಲೈಟು. ಅದು ಗೋಡೆಗೆ ಕಾಣುತ್ತದೆ. ಗೋಡೆಗೆ ಖುಷಿ.

ನಾನೂ ನನ್ನ ಕೈಲಾದ ಪ್ರಯತ್ನ ಮಾಡಿದೆ. ಇದೇ ದುಡ್ಡಿಗೆ ನೂರು ಹರ್ಟ್ಸಿನ (ಸೆಕೆಂಡಿಗೆ ನೂರು ಸಲ ಚಿತ್ರ ಬದಲಿಸುವ) ಚಪ್ಪಟೆ ಐಪಿಎಸ್ ಪಕ್ಕದಲ್ಲೇ ಇತ್ತು, ಯಾವ ಮೂಲೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ, ಮನೆಯವರೆಲ್ಲ ಕೂತು ಕ್ರಿಕೆಟ್ ನೋಡಬಹುದು ಅಂದೆ. ಅಳಿಯ ಅದನ್ನು ಹೆಣ್ಣು ನೋಡಲು ಹೋದವನು ಹುಡುಗಿಯ ಅಜ್ಜಿಯನ್ನು ನೋಡಿದ ಹಾಗೆ ನೋಡಿದ. ಅವನ ಹಳೆ ಕಂಪ್ಯೂಟರಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಆಟ ಸೆಕೆಂಡಿಗೆ ನಲವತ್ತು ಫ್ರೇಮ್ ದಾಟುವುದಿಲ್ಲ, 165 ಹರ್ಟ್ಸಿನ ಈ ಬಾಗಿದ ಪರದೆ ತಂದಿಟ್ಟರೆ ಸೊಲ್ಲಾಪುರ ಹೈವೇ ಮೇಲೆ ಚಕ್ಕಡಿ ಬಿಟ್ಟ ಹಾಗಾಗುತ್ತದೆ ಅಂದೆ. "ರಸ್ತೆ ಮೊದಲ ಇರಲ್ರಿ ಮಾಮಾ, ಕಾರು ಆಮ್ಯಾಲೆ ಬರ್ತದ" ಅಂದ. ಇಂಥ ಮಾತು ಆಡುವವರು ಮುಂದೆ ಮಂತ್ರಿಯಾಗುತ್ತಾರೆ, ನಾನು ಬಾಯಿ ಮುಚ್ಚಿದೆ.

ತಂದಿಟ್ಟಾಯಿತು. ಸ್ಟ್ಯಾಂಡಿನ ಎರಡು ಕಾಲು ಅಗಲಿಸಿ ಟೇಬಲ್ಲಿನ ಅರ್ಧ ಜಾಗ ಹಿಡಿದವು, ಕೀಬೋರ್ಡ್ ತೊಡೆಯ ಮೇಲೆ ಬಂತು. ಎತ್ತರ ಮಾಡಲು ಬರುವುದಿಲ್ಲ, ಅದಕ್ಕೆ ಕೆಳಗೆ ಎರಡು ಇಟ್ಟಿಗೆ. ಮೂರು ತಿಂಗಳು ಬಿಟ್ಟು ಹೋದಾಗ ಸುಮ್ನೆ ಸೆಟ್ಟಿಂಗ್ಸ್ ತೆಗೆದು ನೋಡಿದರೆ ಪರದೆ ಓಡುತ್ತಿದ್ದದ್ದು 60 ಹರ್ಟ್ಸಿನಲ್ಲಿ. ವಿಂಡೋಸ್ ಹಾಗೇ ಬಿಟ್ಟಿರುತ್ತದೆ ಎಷ್ಟೋ ಸಲ, ನಾವೇ ಹೋಗಿ ಬದಲಿಸಬೇಕು. ಮೂರು ತಿಂಗಳು ಅಳಿಯ ಗೆಳೆಯರ ಮುಂದೆ "ಭಾರಿ ಸ್ಮೂತ್ ಐತಿ" ಅಂತ ಹೇಳಿದ್ದು ಅದನ್ನೇ.

ಗೆಳೆಯರೂ ಪರದೆ ನೋಡಲು ಬರುವುದಿಲ್ಲ ಅನ್ನಿ. ಬದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ಮೇಲಿನ ಅಂಚಿನ ಗುಂಟ ನೋಡಿ, "ಹೌದ್ಲೇ, ಬಾಗೇತಿ" ಅಂದು ಹೋಗುತ್ತಾರೆ.

ಹಾಗೆ ನೋಡಿ ಹೋದವರಲ್ಲಿ ಒಬ್ಬ ಹುಡುಗನ ಅಪ್ಪ ಮೊನ್ನೆ ನನಗೆ ಫೋನ್ ಮಾಡಿದರು. ತಮ್ಮ ಮಗನಿಗೂ ಒಂದು ಕೊಡಿಸಬೇಕು, ಆದರೆ ನಿಮ್ಮ ಅಳಿಯಂದಕ್ಕಿಂತ ಒಂಚೂರು ಜಾಸ್ತಿ ಬಾಗಿರಬೇಕು ಅಂದರು. ಹಾಗಾದರೆ ಸಾವಿರ ಆರ್ ನೋಡೋಣ ಅಂದೆ.

"ಸಾವಿರ ಯಾಕ್ರಿ? ಅವ್ರದು ಹದಿನೈದು ನೂರು ಅದ ಅಲ್ರಿ. ನಮಗ ಹದಿನೆಂಟು ನೂರಿಂದು ಕೊಡಸ್ರಿ."

ಬಳೆ, ತ್ರಿಜ್ಯ, ನೂಲು, ಎಲ್ಲಾ ಇನ್ನೊಮ್ಮೆ ಹೇಳುವ ಶಕ್ತಿ ಇರಲಿಲ್ಲ. "ಹಂಗ ನೋಡಿದ್ರ ಗೋಳಗುಮ್ಮಟ ಇಪ್ಪತ್ತೆರಡು ಸಾವಿರ ಆಗ್ತದ ನೋಡ್ರಿ" ಅಂದೆ.

ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಅಷ್ಟ್ ಬಜೆಟ್ ಇಲ್ರಿ ಸರ."