ಅಜ್ಜಿಯ ಹಾಸಿಗೆ ಕೆಳಗೆ ಬಟಾಣಿ

ಮಲಗುವ ಹೊತ್ತಿಗೆ ಕಥೆ ಹೇಳಿದರೆ ಬೇಗ ನಿದ್ದೆ ಬರುತ್ತದೆ ಅಂತಾರೆ. ನಿಜ, ಬರುತ್ತದೆ. ಹೇಳುವವರಿಗೆ.

ನಮ್ಮ ಪುಟ್ಟಿ ಕಥೆ ಕೇಳಲು ಕೂತರೆ ವಕೀಲರ ಪಾಟೀಸವಾಲೇ ಸರಿ. ಕೆಂಪು ಟೋಪಿ ಹುಡುಗಿಯನ್ನು ಇನ್ನೂ ಕಾಡಿನ ದಾರಿಗೆ ತಂದಿದ್ದೆ ಅಷ್ಟೇ. "ತೋಳ ಅವಳನ್ನ ಅಲ್ಲೇ ತಿನ್ನಬಹುದಿತ್ತಲ್ಲ? ಅಜ್ಜಿ ಮನೆವರೆಗೂ ಯಾಕೆ ಹೋಗ್ಬೇಕು?" ಪ್ರಶ್ನೆ ನ್ಯಾಯವಾದದ್ದೇ. 1697ರಲ್ಲಿ ಈ ಕಥೆ ಅಚ್ಚು ಹಾಕಿಸಿದ ಫ್ರಾನ್ಸಿನ ಶಾರ್ಲ್ ಪೆರೋಗೂ ಯಾವುದೋ ಮಗು ಹೀಗೇ ಜೀವ ತಿಂದಿರಬೇಕು. ಪಕ್ಕದಲ್ಲೇ ಸೌದೆ ಕಡಿಯುವವರಿದ್ದರು, ತೋಳಕ್ಕೆ ಧೈರ್ಯ ಬರಲಿಲ್ಲ ಅಂತ ಬರೆದಿಟ್ಟಿದ್ದಾನೆ. ಆದರೆ ಆ ಪುಣ್ಯಾತ್ಮ ಕೊನೆಗೆ ಅಜ್ಜಿಯನ್ನೂ ಹುಡುಗಿಯನ್ನೂ ತೋಳದ ಹೊಟ್ಟೆಗೆ ಹಾಕಿ ಕೈ ತೊಳೆದುಕೊಂಡ. ಬೇಟೆಗಾರ ಬಂದು ಕತ್ತರಿಯಲ್ಲಿ ಹೊಟ್ಟೆ ಕೊಯ್ದು ಅವರನ್ನು ಹೊರಗೆ ತೆಗೆದು, ಒಳಗೆ ಕಲ್ಲು ತುಂಬಿದ್ದೆಲ್ಲ 1812ರ ಗ್ರಿಮ್ ಸಹೋದರರ ಪುಸ್ತಕದಲ್ಲಿ.

ರಾತ್ರಿ ಹೊತ್ತು ಇಷ್ಟೊಂದು ರಕ್ತ ಯಾಕೆ ಅಂತ ನಾನು ತೋಳವನ್ನು ಸಸ್ಯಾಹಾರಿ ಮಾಡಿದೆ. ಅಜ್ಜಿ ಬಾಗಿಲು ತೆಗೆದರು, ತೋಳ "ಹಸಿವು" ಅಂತು, ಎಲ್ಲರೂ ಬುಟ್ಟಿಯಲ್ಲಿದ್ದ ಕೇಕ್ ಹಂಚಿಕೊಂಡು ತಿಂದರು.

"ಇದು ಕಥೆನೇ ಅಲ್ಲ. ಹೊಟ್ಟೆ ಕೊಯ್ಯೋದು ಹೇಳು."

ಹೇಳಿದೆ.

"ಕೊಯ್ಯುವಾಗ ತೋಳಕ್ಕೆ ಎಚ್ಚರ ಆಗ್ಲಿಲ್ವಾ?"

"ಮತ್ತು ಬರೋ ಇಂಜೆಕ್ಷನ್ ಕೊಟ್ಟಿದ್ರು."

ಸಮಾಧಾನವಾಯಿತು. ಮಕ್ಕಳಿಗೆ ರಕ್ತಪಾತದ ಚಿಂತೆಯೇ ಇಲ್ಲ, ವ್ಯವಸ್ಥೆ ಸರಿ ಇದ್ದರೆ ಸಾಕು. ಗ್ರಿಮ್ ಸಹೋದರರ ಸಿಂಡ್ರೆಲಾದಲ್ಲಿ ಪಾದರಕ್ಷೆ ಹಿಡಿಸಲಿ ಅಂತ ಒಬ್ಬ ಅಕ್ಕ ಕಾಲ್ಬೆರಳು, ಇನ್ನೊಬ್ಬಳು ಹಿಮ್ಮಡಿ ಕೊಯ್ದುಕೊಳ್ಳುತ್ತಾರೆ. ಅದನ್ನಿನ್ನೂ ಹೇಳಿಲ್ಲ. ಸ್ಕೂಲ್ ಶೂ ಬಿಗಿ ಅಂತ ಮನೆಯಲ್ಲಿ ಈಗಾಗಲೇ ರಗಳೆ ನಡೆದಿದೆ.

ಹಾಗಾಗಿ ರಕ್ತದ ಸುಳಿವೇ ಇಲ್ಲದ ಕಥೆ ಹುಡುಕಿದೆ. ಡೆನ್ಮಾರ್ಕಿನ ಆಂಡರ್ಸನ್ 1835ರಲ್ಲಿ ಪ್ರಕಟಿಸಿದ ಬಟಾಣಿ ರಾಜಕುಮಾರಿ. ಮಳೆಯಲ್ಲಿ ತೊಯ್ದು ಬಂದ ಹುಡುಗಿ ನಿಜವಾಗಿ ರಾಜಕುಮಾರಿಯೋ ಅಲ್ಲವೋ ನೋಡಲು ರಾಣಿ ಮಂಚದ ಮೇಲೆ ಒಂದು ಬಟಾಣಿ ಇಟ್ಟು, ಮೇಲೆ 20 ಹಾಸಿಗೆ, ಅದರ ಮೇಲೆ ಬಾತುಕೋಳಿ ಪುಕ್ಕದ 20 ಮೆತ್ತೆ ಹಾಸುತ್ತಾಳೆ.

"ಅಷ್ಟನ್ನೂ ಬಿಸಿಲಿಗೆ ಹಾಕೋರು ಯಾರಂತೆ?" ಅಂದರು ಪಕ್ಕದಲ್ಲಿ ಜಪಮಾಲೆ ಹಿಡಿದಿದ್ದ ನಮ್ಮತ್ತೆ.

ಹುಡುಗಿಗೆ ರಾತ್ರಿಯಿಡೀ ನಿದ್ದೆಯಿಲ್ಲ, ಮೈಯೆಲ್ಲ ಕಂದಿತ್ತು. ಹಾಗಾದರೆ ರಾಜಕುಮಾರಿಯೇ. ಕಥೆ ಮುಗೀತು, ಒಂದೂ ಪ್ರಶ್ನೆಯಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಬೆಳಿಗ್ಗೆ ತಿಂಡಿಗೆ ಎಲ್ಲರೂ ಕೂತಾಗ ಪುಟ್ಟಿ ಶುರು ಮಾಡಿದಳು.

"ಅಜ್ಜಿ, ನಿದ್ದೆ ಬಂತಾ?"

"ಚೆನ್ನಾಗಿ ಬಂತು ಕಂದ."

"ಹಾಗಾದ್ರೆ ನೀನು ರಾಜಕುಮಾರಿ ಅಲ್ಲ."

ಹೋಗಿ ಹಾಸಿಗೆ ಎತ್ತಿ ನೋಡಿದರೆ ಕೆಳಗೆ ಒಂದು ಹಿಡಿ ಒಣ ಬಟಾಣಿ. ಡಬ್ಬಿ ಮುಚ್ಚಳವೂ ಅಲ್ಲೇ. ಅತ್ತೆ ಮುಖ ಇಷ್ಟೇ ಆಯಿತು. ಬಟಾಣಿ ಇಟ್ಟಿದ್ದಕ್ಕೆ ಬೇಜಾರಿಲ್ಲ, ಅಳಿಯನ ಮುಂದೆ ಫೇಲ್ ಆದರಲ್ಲ, ಅದಕ್ಕೆ. "ನಮ್ಮಪ್ಪನ ಮನೇಲಿ ನನ್ನ ಹೇಗೆ ಸಾಕಿದ್ರು ಗೊತ್ತಾ" ಅಂತ ಮಧ್ಯಾಹ್ನದವರೆಗೂ ನಡೆಯಿತು.

ಆಂಡರ್ಸನ್ ಕಥೆಯಲ್ಲಿ ಆ ಬಟಾಣಿಯನ್ನು ಮ್ಯೂಸಿಯಮ್ಮಿನಲ್ಲಿ ಇಡುತ್ತಾರೆ. ನಾನು ಚೆನ್ನಾಗಿ ತೊಳೆದು ನೆನೆಹಾಕಿ, ರಾತ್ರಿ ಪೂರಿ ಜೊತೆ ಸಾಗು ಮಾಡಿ ಖಾಲಿ ಮಾಡಿಸಿದೆ.

ಮಾರನೇ ದಿನ ಅತ್ತೆ ಸೊಂಟ ಹಿಡಿದುಕೊಂಡು ಎದ್ದು ಬಂದರು. ಪುಟ್ಟಿಗೆ ಕೇಳುವ ಹಾಗೆ ಜೋರಾಗಿ ಅಂದರು: "ರಾತ್ರಿಯೆಲ್ಲ ಬೆನ್ನಿಗೆ ಏನೋ ಚುಚ್ತಾನೇ ಇತ್ತಪ್ಪ. ಒಂದು ಗಳಿಗೆ ಕಣ್ಣು ಮುಚ್ಚಿದ್ರೆ ಕೇಳಿ!"